ಚಳಿ ಬಾಡಿಗೆಗಿದೆ

ಮುಲುಂಡ್ ಸ್ಟೇಷನ್ನಿಗೆ ಬೆನ್ನು ಮಾಡಿ ನಿಂತ ಕಟ್ಟಡ,
ಎರಡನೇ ಮಾಳಿಗೆ. ಲಿಫ್ಟ್ ಕೆಟ್ಟಿದೆ.
ಆಲ್ಪ್ಸಿಗೆ ಹೊರಟವರು ಮೊದಲು
ನಮ್ಮ ಮೆಟ್ಟಿಲು ಹತ್ತಬೇಕು.

ಛೇಡಾ ಸೇಠರ ಅಂಗಡಿ: ಜಾಕೆಟ್ಟು, ಪ್ಯಾಂಟು, ಬೂಟು,
ಕೈಗವಸು, ಹಳದಿ ಗಾಜಿನ ಕನ್ನಡಕ.
ಹತ್ತು ದಿನಕ್ಕೆ ಇಷ್ಟು, ಠೇವಣಿ ಇಷ್ಟು,
ಕಲೆಗೆ ಬೇರೆ.
ಡಿಸೆಂಬರಿನಲ್ಲೂ ಫ್ಯಾನು ತಿರುಗುತ್ತದೆ,
ಕನ್ನಡಿಯ ಮುಂದೆ ಬೆವರುತ್ತ ಜನ
ಚಳಿಗೆ ಅಳತೆ ಕೊಡುತ್ತಾರೆ.

ನಾನಿಲ್ಲಿ ಸೇರಿ ಹನ್ನೊಂದು ವರ್ಷ.
ಹಿಮ ಕಂಡದ್ದು ಫ್ರಿಜ್ಜಿನ ಮೇಲ್ಖಾನೆಯಲ್ಲಿ.
ಆದರೂ ಯಾರು ಹೇಗೆ ಬಿದ್ದರೆಂದು ಬಟ್ಟೆ ನೋಡಿ ಹೇಳಬಲ್ಲೆ.
ಮೊಣಕೈ ಸವೆದಿದ್ದರೆ ಧೈರ್ಯದವರು,
ಕುಂಡೆ ಸವೆದಿದ್ದರೆ ಹೆದರಿ ಕೂತವರು,
ಎಲ್ಲೂ ಸವೆಯದೆ ಕಾಲರಿಗಷ್ಟೇ ಲಿಪ್‌ಸ್ಟಿಕ್ಕು ಹತ್ತಿದ್ದರೆ
ಹೋಟೆಲಿನ ಬಾಲ್ಕನಿಯಲ್ಲಿ
ಫೋಟೋ ತೆಗೆಸಿಕೊಂಡು ಬಂದವರು.

ಜೇಬು ತಡವುವುದೂ ನನ್ನದೇ ಕೆಲಸ.
ಜಿಪ್ಪಿಗೆ ನೇತಾಡುವ ರೋಪ್‌ವೇ ಪಾಸು,
ಚಿನ್ನದ ಕಿರೀಟ ಅಚ್ಚಾದ ಕೋಣೆಯ ಕಾರ್ಡು,
ಥೇಪ್ಲಾದ ಚೂರು,
ಒಂದು ಲೋಟ ಬಿಸಿ ಚಾಕೊಲೇಟಿನ ಬಿಲ್ಲು.
ಗುಣಿಸಿ ನೋಡಿದೆ, ಮೂರು ತಿಂಗಳ ಲೋಕಲ್ ಪಾಸಾಗುತ್ತಿತ್ತು.
ಸಂಘ್ವಿ ಮೇಡಮ್ಮಿನ ಜೇಬಲ್ಲಿ ಸಿಕ್ಕ ಪುಟ್ಟ ಸೋಪು
ಇನ್ನೂ ನಮ್ಮ ಬಚ್ಚಲಲ್ಲಿದೆ.
ದೇವದಾರು ಕಾಡಿನ ವಾಸನೆ ಅನ್ನುತ್ತೇನೆ ನಾನು,
ಅವ್ವ ಅನ್ನುತ್ತಾಳೆ, ಫಿನೈಲು.

ಜನವರಿ ಮೂರಕ್ಕೆ ಖಾನೋಲ್ಕರರು ಬಂದರು,
ಡೊಂಬಿವಲಿಯವರು.
ದೊಡ್ಡವು ಎರಡು, ಹುಡುಗನದೊಂದು, ಕಿತ್ತಳೆ.
ಒಯ್ಯುವಾಗ ಆತ ರೆಸಾರ್ಟಿನ ಹೆಸರನ್ನು
ಎರಡು ಸಲ ಹೇಳಿದ್ದ, ನಾನು ಬರೆದುಕೊಳ್ಳಲೆಂದು.
ಕಿಟಕಿ ತೆರೆದರೆ ಶಿಖರವಂತೆ,
ಬಾಗಿಲು ತೆರೆದರೆ ನೇರ ಇಳಿಜಾರು,
ಹಿಮದ ನಡುವೆ ಹಬೆಯಾಡುವ ಈಜುಕೊಳ,
ರಾತ್ರಿ ಊಟಕ್ಕೆ ಪಿಟೀಲು.
ರಿಜಿಸ್ಟರಿನಲ್ಲಿ ಅಷ್ಟಕ್ಕೆಲ್ಲ ಜಾಗವಿಲ್ಲ.
'ಸ್ವಿಸ್' ಎಂದು ಬರೆದಿದ್ದೆ.

ಈಗ ಕೌಂಟರಿನ ಮೇಲೆ ಮೂರು ಸೂಟು.
ದೊಡ್ಡವೆರಡಕ್ಕೂ ನಾನು ಹಾಕಿಕೊಟ್ಟ ಮಡಿಕೆಯೇ ಇದೆ.
ಹುಡುಗನದು ಮಾತ್ರ ಮುದುಡಿದೆ.
ಜೇಬಿಗೆ ಕೈ ಹಾಕಿದರೆ
ಉಗುರಿನ ಸಂದಿಗೆ ಮರಳು.

ಕಪ್ಪು ಮರಳು. ಅಲಿಬಾಗಿನದು.
ಅಣ್ಣನ ಮದುವೆಯಾದ ವರ್ಷ ಹೋಗಿದ್ದೆವು,
ಮೂರು ಒಗೆತಕ್ಕೂ ಸೀರೆಯ ಅಂಚು ಬಿಟ್ಟಿರಲಿಲ್ಲ.
ಜೊತೆಗೆ ಗುಂಡಿಯಷ್ಟು ದೊಡ್ಡ ಚಿಪ್ಪೊಂದು,
ನೆನೆದು ಒಣಗಿದ ಮಾಂಡವಾ ಲಾಂಚಿನ ಟಿಕೆಟ್ಟು.

ತಲೆಯೆತ್ತಿದೆ.
ಆತ ಗೋಡೆಯ ಪೋಸ್ಟರಿನ ಪರ್ವತ ನೋಡುತ್ತಿದ್ದ.
ಆಕೆ ಪರ್ಸಿನ ಜಿಪ್ಪು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.
ವೀಸಾ ಬರಲಿಲ್ಲವೋ, ಏಜೆಂಟು ಓಡಿಹೋದನೋ.
ಸೊಸೈಟಿಯ ಗೇಟಿನಲ್ಲಿ ಆರತಿ ಎತ್ತಿ ಕಳಿಸಿದ್ದರೇನೋ,
ಅದಾದ ಮೇಲೆ ಯಾವ ಮುಖ ಹೊತ್ತು
ಅದೇ ಸಂಜೆ ವಾಪಸು ಬರುವುದು?
ಯಾವುದೋ ಲಾಡ್ಜಿನಲ್ಲಿ ಹತ್ತು ದಿನ,
ಬಿಸಿಲಿಗೆ ಕಪ್ಪಾಗಬಾರದೆಂದು ಪರದೆ ಎಳೆದುಕೊಂಡು.
ಹಿಮದಿಂದ ಬಂದವರ ಮುಖವೂ ಸುಟ್ಟಿರುತ್ತದೆ,
ಕನ್ನಡಕದಷ್ಟು ಜಾಗ ಮಾತ್ರ ಬೆಳ್ಳಗೆ.
ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ಬಿದ್ದೆಯೇನೋ?" ಎಂದೆ ಹುಡುಗನಿಗೆ.
ಅಪ್ಪನ ಮುಖ ನೋಡಿದ.
"ನೂರು ಸಲ."
ಆಮೇಲೆ, ಯಾರೂ ಕೇಳದಿದ್ದರೂ,
"ಒಂದು ಕುದುರೆನೂ ಇತ್ತು."

ಒಳಗಿನಿಂದ ಸೇಠರು ಕೂಗಿದರು: ಕಲೆ ಇದೆಯಾ?
ಬೋರ್ಡಿನಲ್ಲಿ ಚಹಾಕ್ಕೆ ರೇಟಿದೆ, ಎಣ್ಣೆಗಿದೆ, ರಕ್ತಕ್ಕಿದೆ.
ಇಲ್ಲ ಎಂದೆ.
ಠೇವಣಿ ಎಣಿಸಿ ಕೊಟ್ಟೆ, ಆತ ಎಣಿಸದೆ ಜೇಬಿಗಿಟ್ಟ.
ಇಳಿಯುವಾಗ ಹುಡುಗ
ಎರಡೂ ಕಾಲು ಜೋಡಿಸಿ, ಮೊಣಕಾಲು ಬಗ್ಗಿಸಿ,
ಕೈಯಲ್ಲಿಲ್ಲದ ಕೋಲು ಊರಿ
ಒಂದೊಂದೇ ಮೆಟ್ಟಿಲು ಜಿಗಿದ.
ಕೆಳಗಿನ ತಿರುವಿನಲ್ಲಿ ಧಡ್ ಎಂದು ಸದ್ದು,
ಅವಳ ಬೈಗುಳ, ಅವನ ನಗು.

ಸಂಜೆ ಕಿತ್ತಳೆ ಸೂಟನ್ನು ಬಚ್ಚಲಲ್ಲಿ ಕೊಡವಿದೆ.
ಸೋಮವಾರಕ್ಕೆ ಬುಕ್ಕಾಗಿದೆ, ಬೇರೆ ಮಗು, ಗುಲ್ಮಾರ್ಗ್.
ಹೊಲಿಗೆಯ ಸಂದಿಯಲ್ಲಿ ನಾಲ್ಕು ಕಾಳು ಮರಳು
ಬ್ರಷ್ಷಿಗೂ ಜಗ್ಗಲಿಲ್ಲ.
ಇರಲಿ ಬಿಡು, ಅದಾದರೂ
ಹೋಗಿ ನೋಡಿಬರಲಿ.